ಕರೆದಾಗ ಹತ್ತಿರ ಇದ್ದವಳು

ಬೆಳಿಗ್ಗೆ ಹತ್ತಕ್ಕೆ ಪಟ್ಟಿ ತೆರೆದಾಗ ಹೆಸರಕ್ಕನ ಕಣ್ಣು ನೇರವಾಗಿ ನಲವತ್ತೊಂದನೆಯ ಸಾಲಿಗೆ ಹೋಯಿತು. ಹಾಗೆ ಹೋದದ್ದನ್ನು ತನ್ನಿಂದಲೇ ಮುಚ್ಚಿಡುವವಳಂತೆ ಅವಳು ಮತ್ತೆ ಮೊದಲ ಸಾಲಿಗೆ ಬಂದು, ಒಂದೊಂದೇ ಹೆಸರನ್ನು ತುಟಿಯಲ್ಲಿ ಆಡಿಸುತ್ತ, ಪ್ರತಿಯೊಂದರ ಮುಂದೂ ಸರಿ ಗುರುತು ಹಾಕುತ್ತ ಇಳಿದಳು. ಸಂಜೆ ನಾಲ್ಕಕ್ಕೆ ಸಮಿತಿ ಕೂರುತ್ತದೆ, ಪಟ್ಟಿಗೆ ಒಪ್ಪಿಗೆ ಬೀಳುತ್ತದೆ, ಆಮೇಲೆ ಒಂದಕ್ಷರ ಅಲ್ಲಾಡಿಸುವಂತಿಲ್ಲ. ನಲವತ್ತೊಂದರಲ್ಲಿ ‘ಅಳತೆ’ ಎಂದಿತ್ತು. ಪಕ್ಕದಲ್ಲಿ ‘ಮಾಲೀಕರಿಂದ ಆಕ್ಷೇಪಣೆ ಬಂದಿಲ್ಲ’ ಎಂದು ಅವಳೇ ಆರು ತಿಂಗಳ ಹಿಂದೆ ಬರೆದಿದ್ದಳು. ಬರೆದದ್ದರಲ್ಲಿ ಸುಳ್ಳು ಹುಡುಕಿದರೂ ಸಿಗುತ್ತಿರಲಿಲ್ಲ. ಆಕ್ಷೇಪಣೆ ನಿಜವಾಗಿಯೂ ಬಂದಿರಲಿಲ್ಲ. ಬಂದದ್ದು ಆ ಹೆಸರನ್ನು ಮೊದಲೇ ಇಟ್ಟುಕೊಂಡಿದ್ದವರಿಗೆ ಅವಳು ಕಳಿಸಿದ ಇಮೇಲ್ ಮಾತ್ರ. ಈ ವಿಳಾಸದಲ್ಲಿ ಯಾರೂ ಇಲ್ಲ ಎಂಬ ಯಂತ್ರದ ಒಂದು ಸಾಲಿನೊಂದಿಗೆ ಎರಡೇ ನಿಮಿಷದಲ್ಲಿ ವಾಪಸು ಬಂದಿತ್ತು. ಅದನ್ನು ಅವಳು ಅಳಿಸಿರಲಿಲ್ಲ, ಯಾರಿಗೂ ತೋರಿಸಿಯೂ ಇರಲಿಲ್ಲ.

ನೆಂಟರ ಮನೆಯಲ್ಲಿ ಯಾರಾದರೂ ನೀನು ಮಾಡುವ ಕೆಲಸವಾದರೂ ಏನು ಎಂದು ಕೇಳಿದರೆ ಅವಳ ಹತ್ತಿರ ಸಿದ್ಧವಾದ ಒಂದು ಉತ್ತರವಿತ್ತು. ಒಂದು ಪ್ರೋಗ್ರಾಮಿಂಗ್ ಭಾಷೆ ಇರುತ್ತೆ, ಅದನ್ನ ತಗೊಂಡವರಿಗೆ ಜೊತೆಗೇ ಒಂದು ಭಂಡಾರ ಸಿಗುತ್ತೆ, ದಿನಬಳಕೆಯ ಸಾಮಾನೆಲ್ಲ ಅದರಲ್ಲಿರುತ್ತೆ, ಆ ಡಬ್ಬಿಗಳ ಮೇಲೆ ಚೀಟಿ ಅಂಟಿಸೋಳು ನಾನು. ‘ಅಂಟು ಕಲಸಿಕೊಡೋನು ನಾನು’ ಎಂದು ಅವಳ ಗಂಡ ಸೇರಿಸುತ್ತಿದ್ದ, ಎಲ್ಲರೂ ನಗುತ್ತಿದ್ದರು, ಮಾತು ಬೇರೆ ಕಡೆ ಹೊರಳುತ್ತಿತ್ತು. ಉಳಿದದ್ದನ್ನು ಹೇಳುವ ಅಗತ್ಯ ಬೀಳುತ್ತಿರಲಿಲ್ಲ. ಭಂಡಾರದ ಹೊರಗೆ ಯಾರು ಯಾರೋ ತಮ್ಮ ತಮ್ಮ ಕೆಲಸಕ್ಕೆಂದು ಬರೆದು ಹಂಚಿದ ಪ್ಯಾಕೇಜುಗಳು ಸಾವಿರಗಟ್ಟಲೆ ಇದ್ದವು. ಮೊದಲು ಬಂದವರು ಬೇಕಾದ ಹೆಸರು ಇಟ್ಟುಕೊಂಡಿದ್ದರು. ಒಳಗಿನವಕ್ಕೂ ಹೊರಗಿನವಕ್ಕೂ ಮನೆತನದ ಹೆಸರೆಂಬುದಿಲ್ಲ, ಎಲ್ಲ ಒಂದೇ ಬೀದಿಯಲ್ಲಿ ಬರಿ ಹೆಸರಿನಲ್ಲೇ ಓಡಾಡಿಕೊಂಡಿದ್ದವು. ಯಾವುದಾದರೂ ಪ್ರೋಗ್ರಾಮು ಒಂದು ಹೆಸರು ಹಿಡಿದು ಕರೆದರೆ ಯಂತ್ರ ಮೊದಲು ಭಂಡಾರದೊಳಗೆ ನೋಡುತ್ತದೆ. ಅಲ್ಲಿ ಆ ಹೆಸರಿನದು ಸಿಕ್ಕಿತೋ, ಹೊರಗೆ ತಲೆ ಹಾಕುವುದೇ ಇಲ್ಲ. ಅಂದರೆ ಭಂಡಾರ ಒಂದು ಹೆಸರನ್ನು ತೆಗೆದುಕೊಂಡ ದಿನದಿಂದ ಹೊರಗಿರುವ ಅದೇ ಹೆಸರಿನದು ಬದುಕಿಯೂ ಯಾರ ಕಿವಿಗೂ ಬೀಳದೆ ಹೋಗುತ್ತದೆ. ಹೀಗಾಗದಿರಲಿ ಎಂದು ಒಂಬತ್ತು ವರ್ಷದ ಹಿಂದೆ ಯಾರೋ ಒಬ್ಬ, ಭಂಡಾರದ ಪ್ರತಿಯೊಂದಕ್ಕೂ ಮುಂದೆ ಒಂದು ಮನೆ ಹೆಸರು ಸೇರಿಸೋಣ ಎಂದಿದ್ದ. ಮೊದಲು ಎದ್ದು ನಿಂತು ಬೇಡವೆಂದವಳು ಇವಳೇ. ಕರೆಯುವ ಹೆಸರು ಚಿಕ್ಕದಾಗಿರಬೇಕು, ಬಾಯ್ತುಂಬ ಬರಬೇಕು, ಎಂದೇನೋ ಹೇಳಿದ್ದಳು. ಎರಡು ಮೂರು ಜನ ಮೇಜು ಕುಟ್ಟಿ ಮೆಚ್ಚಿದ್ದರು. ಹೆಸರಕ್ಕ ಎಂಬ ಅಡ್ಡಹೆಸರು ಆ ದಿನದ್ದು.

ಒಂದೇ ಹೆಸರಿನ ಇಬ್ಬರು ಒಂದೇ ಕಡೆ ಇದ್ದರೆ ಏನಾಗುತ್ತದೆಂಬುದು ಅವಳಿಗೆ ಕಂಪ್ಯೂಟರು ಕಲಿಸಿದ ವಿಷಯವಾಗಿರಲಿಲ್ಲ. ದೊಡ್ಡಪ್ಪನ ಮಗಳಿಗೂ ಇವಳಿಗೂ ಇಟ್ಟದ್ದು ಒಂದೇ ಹೆಸರು, ಇಬ್ಬರ ಅಜ್ಜಿಯದು. ಎರಡು ವರ್ಷದ ಅಂತರ, ಒಂದೇ ಮನೆ. ಒಳಗಿಂದ ಯಾರಾದರೂ ಕೂಗಿದರೆ ಯಾರು ಹತ್ತಿರವಿದ್ದರೋ ಅವರು ಓಡುತ್ತಿದ್ದರು. ಅಕ್ಕನಿಗೆ ಬೀಳಬೇಕಾದ ಬೈಗುಳ ಇವಳಿಗೆ ಬೀಳುತ್ತಿತ್ತು, ಇವಳಿಗೆ ಮೀಸಲಾದ ಹೊಸ ಪೆನ್ಸಿಲು ಅಕ್ಕನ ಪೆಟ್ಟಿಗೆ ಸೇರುತ್ತಿತ್ತು, ಇಬ್ಬರೂ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಒಂದು ಸಲ ಮಾತ್ರ. ದೊಡ್ಡಮ್ಮ ಹಾಸಿಗೆ ಹಿಡಿದು ತಿಂಗಳಾಗಿತ್ತು, ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಮಧ್ಯಾಹ್ನ, ಹಸಿರು ಪರದೆ, ಔಷಧದ ವಾಸನೆಗೆ ಸೋಪಿನ ವಾಸನೆ ಬೆರೆತಿತ್ತು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ ಆ ಹೆಸರು ಹಿಡಿದು ಕರೆದಳು. ಇವಳು ಹತ್ತಿರವಿದ್ದಳು, ಹೋದಳು. ಕೈ ಹಿಡಿದುಕೊಂಡು ದೊಡ್ಡಮ್ಮ ಹೇಳಿದ್ದು ಇವಳಿಗಲ್ಲವೆಂದು ಮೊದಲ ನಾಲ್ಕು ಶಬ್ದದಲ್ಲೇ ಗೊತ್ತಾಯಿತು, ಆದರೂ ಕೈ ಬಿಡಿಸಿಕೊಳ್ಳಲಿಲ್ಲ. ಆಗ ಇವಳಿಗೆ ಹತ್ತೊಂಬತ್ತು. ಈಗ ಐವತ್ತಮೂರು. ಮರುದಿನ ದೊಡ್ಡಮ್ಮ ತೀರಿಕೊಂಡಳು. ಆ ಮಾತನ್ನು ಇವಳು ಅಕ್ಕನಿಗೆ ಈವರೆಗೂ ಮುಟ್ಟಿಸಿರಲಿಲ್ಲ.

‘ನಲವತ್ತೊಂದು ಸರಿಯಾಗಿದೆ ತಾನೆ?’

ಗಾಜಿನ ಬಾಗಿಲಲ್ಲಿ ಎಂಜಿನಿಯರ್ ನಿಂತಿದ್ದ. ಭಂಡಾರಕ್ಕೆ ಹೊಸದಾಗಿ ಸೇರುತ್ತಿದ್ದ ‘ಅಳತೆ’ ಇವನದು. ಎರಡು ವರ್ಷ ಇವನು ಅದರ ಮೇಲೆಯೇ ಕೂತಿದ್ದ. ಉದ್ದ, ತೂಕ, ಬಿಸಿ, ವೇಗ, ಯಾವುದನ್ನು ಯಾವುದರಲ್ಲಿ ಅಳೆದರೂ ತಪ್ಪಾಗದಂತೆ ಹೊಂದಿಸಿಕೊಡುವ ಕೆಲಸ ಅದರದೆಂದು ಅವಳಿಗೆ ಮೇಲೆ ಮೇಲೆ ಗೊತ್ತಿತ್ತು. ಅವನು ಕೇಳುವಾಗ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ.

‘ಇದೆ’ ಎಂದಳು.

‘ಇವತ್ತು ಒಂದು ದಾಟಿದ್ರೆ ಸಾಕು ಹೆಸರಕ್ಕ. ಮನೇಲಿ ಎಲ್ಲರಿಗೂ ಹೇಳಿಬಿಟ್ಟಿದೀನಿ.’

ಅವನು ಹೋದ ಮೇಲೆ ಅವಳು ಹೊರಗೆ ಮೊದಲಿನಿಂದ ಅದೇ ಹೆಸರಿನಲ್ಲಿದ್ದ ಇನ್ನೊಂದು ‘ಅಳತೆ’ಯನ್ನು ತೆರೆದಳು. ಇದು ಆರು ತಿಂಗಳಿಂದ ಅವಳಿಗೆ ಹತ್ತಿದ ಚಾಳಿ. ಚಾಳಿಯೆನ್ನಬೇಕೋ ಗಾಯದ ಹಕ್ಕಳೆ ಕೆರೆಯುವುದೆನ್ನಬೇಕೋ ತಿಳಿಯದು. ಹತ್ತೊಂಬತ್ತು ವರ್ಷದ ಹಿಂದೆ ಬರೆದದ್ದು, ಮುನ್ನೂರು ಸಾಲಿಗಿಂತ ಹೆಚ್ಚಿಲ್ಲ. ಬರೆದವನು ಕಸಬಿನ ಪ್ರೋಗ್ರಾಮರ್ ಅಲ್ಲ, ಎರಡು ಸಾಲು ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಎಲ್ಲಿಯೂ ಒಂದು ಸಾಲು ಹೆಚ್ಚಿಗೆ ಇರಲಿಲ್ಲ, ಬಟ್ಟೆ ಪೋಲಾಗಬಾರದೆಂದು ಕತ್ತರಿ ಇಟ್ಟಂತೆ ಇತ್ತು. ಮನುಷ್ಯರ ಮೈಯಳತೆ ತೆಗೆದುಕೊಂಡು ಬಟ್ಟೆ ಎಲ್ಲಿ ಕತ್ತರಿಸಬೇಕೆಂದು ಹೇಳುವುದು ಅದರ ಕೆಲಸ. ಅವಳನ್ನು ಬಿಡದೆ ಕಾಡಿದ್ದು ಬೇರೆ. ಅದು ಏನನ್ನು ಕೇಳಿದರೂ ಎರಡು ಸಲ ಕೇಳುತ್ತಿತ್ತು, ಎಡ ಮತ್ತು ಬಲ. ತೋಳಿಗೆ ಎಡ ಬಲ, ಕಾಲಿಗೆ ಎಡ ಬಲ, ಇದಾದರೂ ಸರಿ. ಸೊಂಟಕ್ಕೂ ಎಡ ಬಲ. ಕತ್ತಿಗೂ ಎಡ ಬಲ. ಒಂದೇ ಅಂಕಿ ಕೊಟ್ಟರೆ ಕೆಲಸ ಮಾಡಲು ಒಪ್ಪದೆ, ‘ಇನ್ನೊಂದು ಕಡೆಯೂ ನೋಡಿ’ ಎಂದು ಬರೆದು ಸುಮ್ಮನಾಗುತ್ತಿತ್ತು. ಕತ್ತಿಗೆ ಎಡವೆಷ್ಟು, ಬಲವೆಷ್ಟು? ಯಾವ ಮನುಷ್ಯ ಹೀಗೆ ಯೋಚಿಸುತ್ತಾನೆ? ಅವಳು ಕಡತದ ತುದಿಯವರೆಗೆ ಇಳಿದಳು. ಅಲ್ಲೊಂದು ಟಿಪ್ಪಣಿಯಿತ್ತು, ಹಿಂದೆಯೂ ನೋಡಿದ್ದಳು, ನೋಡಿಯೂ ಓದಿರಲಿಲ್ಲ: ‘ಅನುಮಾನ ಬಂದರೆ ಅಂಗಡಿಗೆ ಬನ್ನಿ. ಒಂದರಿಂದ ಎರಡು ಊಟದ ಹೊತ್ತು.’ ಕೆಳಗೆ ಬೀದಿಯ ಹೆಸರು, ಅಂಗಡಿಯ ನಂಬರು. ಬೀದಿ ಅವಳಿಗೆ ಗೊತ್ತಿದ್ದದ್ದೇ. ಬಸ್ಸಿನಲ್ಲಿ ಇಪ್ಪತ್ತು ನಿಮಿಷ.

ಬಸ್ಸಿನಲ್ಲಿ ಕೂತಾಗಲೂ ಅವಳು ತನಗೆ ತಾನು ಹೇಳಿಕೊಂಡದ್ದು ಕುತೂಹಲಕ್ಕೆ ಹೋಗುತ್ತಿದ್ದೇನೆ ಎಂದೇ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಎದುರು ಸೀಟಿನ ಹುಡುಗಿಯ ಕನ್ನಡಕ ಒಂದು ಕಡೆ ವಾಲಿತ್ತು. ಕನ್ನಡಕ ವಾಲಿದೆಯೋ ಕಿವಿಯೇ ಒಂದು ಮೇಲೆ ಒಂದು ಕೆಳಗೆ ಇದೆಯೋ ಎಂದು ಅವಳು ನಾಲ್ಕು ನಿಲ್ದಾಣದವರೆಗೆ ನೋಡಿದಳು. ಹುಡುಗಿ ಮುಖ ತಿರುಗಿಸಿಕೊಂಡಿತು.

ಅಂಗಡಿ ಒಂದು ಬೀಗದ ಕೈ ಮಾಡುವವನ ಅಂಗಡಿಗೂ ಒಂದು ಮುಚ್ಚಿದ ಫೋಟೊ ಸ್ಟುಡಿಯೋಗೂ ನಡುವೆ ಇತ್ತು. ಗಾಜಿನ ಹಿಂದೆ ತಲೆಯಿಲ್ಲದ ಮರದ ಬೊಂಬೆ, ಅದರ ಮೇಲೆ ಅರ್ಧ ಹೊಲಿದ ಅಂಗಿ. ಬೋರ್ಡಿನ ಬಣ್ಣ ಬಿಸಿಲಿಗೆ ಹಾರಿತ್ತು, ಫೋನ್ ನಂಬರು ಮಾತ್ರ ಮೇಲೆ ಮೇಲೆ ಬಳಿದದ್ದರಿಂದ ನಿಚ್ಚಳವಾಗಿತ್ತು. ಒಳಗೆ ಅರವತ್ತು ದಾಟಿದ ಹೆಂಗಸೊಬ್ಬಳು ಕತ್ತಿಗೆ ಅಳತೆಪಟ್ಟಿ ಹಾಕಿಕೊಂಡು ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆಯುತ್ತಿದ್ದಳು. ತಲೆಯೆತ್ತದೆ ‘ಏನು ಹೊಲಿಸಬೇಕು?’ ಎಂದಳು. ಮಾಲೀಕರು ಇದ್ದಾರೆಯೇ ಎಂದು ಕೇಳಬೇಕೆಂದಿದ್ದ ಹೆಸರಕ್ಕನ ಬಾಯಿ ‘ಕೋಟು’ ಎಂದುಬಿಟ್ಟಿತು.

‘ಬನ್ನಿ. ಚೀಲ ಅಲ್ಲಿಡಿ. ಕೈ ಎತ್ತಿ.’

ಎತ್ತಿದಳು. ಇಪ್ಪತ್ತು ವರ್ಷದಿಂದ ಯಾರಿಗೂ ಹೀಗೆ ಮೈ ಒಪ್ಪಿಸಿ ನಿಂತಿರಲಿಲ್ಲ. ಬೇಕಾದದ್ದನ್ನು ಅಂಗಡಿಯಲ್ಲಿ ನೇತುಹಾಕಿದ್ದರಲ್ಲಿ ಆರಿಸಿಕೊಳ್ಳುತ್ತಿದ್ದಳು, ಸರಿಹೋಗದಿದ್ದರೆ ತನ್ನ ಮೈಯದೇ ತಪ್ಪೆಂದುಕೊಳ್ಳುತ್ತಿದ್ದಳು. ಎದುರಿಗಿನ ಕನ್ನಡಿಯಲ್ಲಿ ತೋಟದ ಬೆದರುಬೊಂಬೆಯಂತೆ ಕಂಡಳು. ಸಾವಿರಾರು ಹೆಸರುಗಳಿಗೆ ಹೂಂ ಅಥವಾ ಊಹೂಂ ಅನ್ನುವ ಹೆಂಗಸು ಕಂಕುಳ ಬೆವರು ಕಾಣುತ್ತದೆಯೇ ಎಂದು ಅಂಜುತ್ತಿದ್ದಳು. ದರ್ಜಿಯ ಬೆರಳು ಒಣಗಿ ಗಟ್ಟಿಯಾಗಿದ್ದವು. ಕತ್ತಿನ ಬುಡದಿಂದ ಭುಜದ ತುದಿಗೆ ಪಟ್ಟಿ ಎಳೆದು, ತನಗೆ ತಾನೇ ಎಂಬಂತೆ, ‘ಎಡ ಹನ್ನೆರಡೂವರೆ ಸೆಂಟಿಮೀಟರ್. ಬಲ ಹನ್ನೊಂದು ಮುಕ್ಕಾಲು’ ಎಂದಳು. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಹೋಗಿ ಒಂದು ಬೆರಳಲ್ಲಿ ಒತ್ತಿ ಬಂದಳು.

‘ನಿಮ್ಮ ಎಡ ಭುಜ ಇಳಿದಿದೆ. ಆ ಕಡೆ ಏನೋ ಹೊರ್ತೀರಿ.’

‘ಏನೂ ಹೊರಲ್ಲ.’

‘ಹಾಗಾದ್ರೆ ಚಿಕ್ಕವರಿದ್ದಾಗ ಹೊತ್ತಿರ್ತೀರಿ. ಮೈ ಮರೆಯಲ್ಲ.’

ದೊಡ್ಡಮ್ಮನ ಕೊನೆಯ ಮಗುವನ್ನು ಅಕ್ಕ ಬಲಸೊಂಟದಲ್ಲಿ ಎತ್ತಿಕೊಂಡರೆ ಇವಳು ಎಡಸೊಂಟದಲ್ಲಿ; ಮಗು ಯಾರ ಸೊಂಟದ ಮೇಲಿದ್ದರೂ ಇನ್ನೊಬ್ಬರ ಕಡೆ ಕೈ ಚಾಚುತ್ತಿತ್ತು. ಐವತ್ತಮೂರು ವರ್ಷ ಕನ್ನಡಿ ನೋಡಿದ್ದಳು, ಭುಜ ಕಂಡಿರಲಿಲ್ಲ. ದರ್ಜಿ ಈಗ ಕತ್ತಿನ ಸುತ್ತ ಪಟ್ಟಿ ತಂದು, ನಡುವೆ ಉಗುರು ಊರಿ, ಎರಡೂ ಬದಿ ಬೇರೆ ಬೇರೆ ಓದುತ್ತಿದ್ದಳು.

‘ಕತ್ತಿಗೂ ಎಡ ಬಲಾನಾ?’

‘ಎಲ್ಲದಕ್ಕೂ. ಯಾರದ್ದೂ ಎರಡು ಕಡೆ ಒಂದೇ ಥರ ಇರಲ್ಲಮ್ಮ. ಇದೆ ಅಂದ್ಕೊಂಡು ಹೊಲಿದುಬಿಡ್ತಾರೆ. ಬಟ್ಟೆ ಒಂದು ಕಡೆ ಎಳೆಯುತ್ತೆ. ಹಾಕ್ಕೊಂಡೋರು ಜೀವನಪೂರ್ತಿ ಅದನ್ನ ಸರಿ ಮಾಡ್ಕೋತಾ ಇರ್ತಾರೆ, ಹೀಗೆ’ ಎಂದು ಕೊರಳಪಟ್ಟಿ ಎಳೆದುಕೊಳ್ಳುವಂತೆ ಅಭಿನಯಿಸಿ ತೋರಿಸಿದಳು. ಹೆಸರಕ್ಕ ತನ್ನ ಕೈಯನ್ನು ಕೊರಳಪಟ್ಟಿಯಿಂದ ಕೆಳಗಿಳಿಸಿದಳು. ಅದು ಅಲ್ಲಿಗೆ ಯಾವಾಗ ಹೋಗಿತ್ತೋ.

‘ಆ ಪ್ರೋಗ್ರಾಮು ಬರೆದೋರು ಯಾರು?’

‘ನಾನೇ.’

ಕಡತದಲ್ಲಿ ಬರೆದವರ ಹೆಸರಿನ ಒಂದಕ್ಷರ ಮಾತ್ರ ಇತ್ತು. ಆರು ತಿಂಗಳಿಂದ ಅವಳು ಅದನ್ನು ಅವನು, ಅವನು ಎಂದೇ ಓದಿಕೊಂಡು ಬಂದಿದ್ದಳು. ಅವನಿಗೊಂದು ಮೀಸೆ, ಒಂದು ಸಿಡುಕು ಕೂಡ ಕೊಟ್ಟಿದ್ದಳು. ಈಗ ಕೂತುಕೊಂಡು ತಾನು ಯಾರು, ಯಾಕೆ ಬಂದೆ ಎಂದು ಹೇಳಿದಳು. ಕೋಟಿನ ವಿಷಯ ಮಾತ್ರ ಸುಳ್ಳೆಂದು ಹೇಳಲಾಗಲಿಲ್ಲ. ದರ್ಜಿ ಸೀಮೆಸುಣ್ಣ ಕೈಯಲ್ಲಿ ಹಿಡಿದೇ ಕೇಳಿಸಿಕೊಂಡಳು. ‘ಇಮೇಲ್ ಹಾಕಿದ್ರಾ? ಆ ವಿಳಾಸ ಹೋಗಿ ಹತ್ತು ವರ್ಷ ಆಯ್ತು. ಬೋರ್ಡಲ್ಲಿ ನಂಬರು ಇದೆಯಲ್ಲ’ ಎಂದಳು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ, ಅದಕ್ಕೇ ಚುಚ್ಚಿತು.

ದರ್ಜಿಯ ತಮ್ಮನಿಗೆ ಹುಟ್ಟಿನಿಂದ ಒಂದು ಕಾಲು ಗಿಡ್ಡ. ಯಾರು ಹೊಲಿದರೂ ಎರಡು ಕಾಲಿಗೂ ಒಂದೇ ಉದ್ದದ ಪ್ಯಾಂಟು. ಒಂದನ್ನು ಮಡಿಸಿಕೊಂಡು ಓಡಾಡಿ ಓಡಾಡಿ ಅವನಿಗೆ ಪ್ಯಾಂಟಿನ ಮೇಲೆಯೇ ದ್ವೇಷ. ಲೆಕ್ಕ ತಪ್ಪದಿರಲಿ ಎಂದು ದರ್ಜಿಯೇ ಪುಸ್ತಕ ನೋಡಿಕೊಂಡು ಪ್ರೋಗ್ರಾಮು ಬರೆಯಲು ಕಲಿತಳು, ಎಂಟು ತಿಂಗಳು ಹಿಡಿಯಿತಂತೆ. ‘ಅವನು ನಕ್ಕ. ನಕ್ಕೋನೇ ಆಮೇಲೆ ತನ್ನ ಕೆಲಸದ ಕಡೆ ಎತ್ಕೊಂಡು ಹೋದ’ ಎಂದಳು. ತಮ್ಮ ಕೆಲಸ ಮಾಡುವುದು ಕಾಲಿಗೆ ಕಟ್ಟುವ ಆಸರೆಪಟ್ಟಿಗಳನ್ನು ತಯಾರಿಸುವ ಕಡೆ. ಅಲ್ಲಿಗೆ ಬೇಕಾದದ್ದೂ ಇದೇ, ಎಡ ಬೇರೆ ಬಲ ಬೇರೆ. ಅಲ್ಲಿಂದ ಇನ್ನೊಂದು ಕಡೆ ಕೇಳಿದರು, ಅಲ್ಲಿಂದ ಮತ್ತೊಂದು ಕಡೆ. ‘ಮೊನ್ನೆ ಅವನು ಎಣಿಸಿದಾಗ ಇಪ್ಪತ್ತಮೂರು ಕಡೆ ಇದೆಯಂತೆ. ಎಲ್ಲೆಲ್ಲಿ ಅಂತ ಅವನಿಗೂ ಪೂರ್ತಿ ಗೊತ್ತಿಲ್ಲ, ನನಗೆ ಇದೊಂದು ಅಂಗಡಿ ಗೊತ್ತು.’

ಇಪ್ಪತ್ತಮೂರು. ಹೆಸರಕ್ಕ ಆ ಅಂಕಿಯನ್ನು ಹಿಡಿದು ಕೂತಳು. ಎಂಜಿನಿಯರ್‌ನ ‘ಅಳತೆ’ಗೂ ಎರಡು ಅಂಕಿ ಕೊಡಬಹುದಿತ್ತು. ಅದನ್ನು ಅವನು ಸಭೆಯೊಂದರಲ್ಲಿ ಹೆಮ್ಮೆಯಿಂದ ತೋರಿಸಿದ್ದ: ಒಂದೇ ವಸ್ತುವನ್ನು ಎರಡು ಸಲ ಅಳೆದರೆ ಅಂಕಿ ಕೊಂಚ ಆಚೀಚೆ ಆಗುತ್ತದೆ, ನಮ್ಮದು ಎರಡರ ಸರಾಸರಿ ಹಿಡಿದು ಕೊಡುತ್ತದೆ. ನಾಳೆ ಭಂಡಾರ ಈ ಹೆಸರು ತೆಗೆದುಕೊಂಡರೆ, ಆ ಇಪ್ಪತ್ತಮೂರು ಕಡೆಯ ಯಂತ್ರಗಳು ಭಾಷೆಯ ಹೊಸ ಆವೃತ್ತಿ ಹಾಕಿಕೊಂಡ ದಿನ ಎಂದಿನಂತೆ ‘ಅಳತೆ’ ಎಂದು ಕರೆಯುತ್ತವೆ. ಓಗೊಡುವುದು ಭಂಡಾರದ್ದು. ಎಡಗಾಲು ಎಂಬತ್ತು, ಬಲಗಾಲು ಎಪ್ಪತ್ತಾರು ಎಂದು ಹೇಳಿದರೆ ಅದು ಜಾಣತನದಿಂದ ಎಪ್ಪತ್ತೆಂಟು ಎನ್ನುತ್ತದೆ. ತಪ್ಪೆಂದು ಎಲ್ಲಿಯೂ ಕೆಂಪು ಅಕ್ಷರ ಬರುವುದಿಲ್ಲ, ಯಂತ್ರ ನಿಲ್ಲುವುದಿಲ್ಲ. ಎರಡು ಕಾಲಿಗೂ ಸರಿಯಾಗದ ಎರಡು ಆಸರೆಪಟ್ಟಿ ಅಚ್ಚುಕಟ್ಟಾಗಿ ತಯಾರಾಗುತ್ತವೆ. ಹಾಕಿಕೊಂಡವರು ತಮ್ಮ ಕಾಲಿನದೇ ತಪ್ಪು ಎಂದುಕೊಳ್ಳುತ್ತಾರೆ.

‘ಹೆಸರು ಬೇಕಾದ್ರೆ ತಗೊಳ್ಳಿ’ ಎಂದಳು ದರ್ಜಿ. ‘ನನಗೆ ಹೆಸರಿಂದ ಏನಾಗಬೇಕು? ಬೋರ್ಡಿನ ಮೇಲೂ ನಮ್ಮ ಮಾವನ ಹೆಸರೇ ಇರೋದು. ನೋಡಿ, ಬರೆದೇ ಕೊಡ್ತೀನಿ.’ ಅಳತೆ ಬರೆಯುವ ಚೀಟಿಯೊಂದನ್ನು ಹರಿದು, ‘ಈ ಹೆಸರು ತೆಗೆದುಕೊಳ್ಳಲು ನನ್ನ ಅಡ್ಡಿಯಿಲ್ಲ’ ಎಂದು ಬರೆದು, ಸಹಿ ಮಾಡಿ, ಕೊಡುವ ಮೊದಲು ಕೈ ತಡೆದಳು. ‘ಈಗ ಬಳಸ್ತಿರೋರಿಗೆ ತೊಂದರೆ ಇಲ್ಲ ತಾನೆ?’

‘ನೋಡ್ಕೋತೀವಿ’ ಎಂದಳು ಹೆಸರಕ್ಕ. ಹೇಳುವಾಗ ಚೀಟಿಯ ಮೇಲೆಯೇ ಕಣ್ಣಿತ್ತು.

ವಾಪಸು ಬರುವ ಬಸ್ಸಿನಲ್ಲಿ ಜಾಗ ಸಿಗಲಿಲ್ಲ. ಕಂಬ ಹಿಡಿದು ನಿಂತಳು, ಎಡಗೈಯಲ್ಲಿ, ಬಲಗೈಗೆ ಬದಲಿಸಿದಳು. ಚೀಲದಲ್ಲಿದ್ದ ಆ ಅಂಗೈಯಗಲದ ಚೀಟಿ ಆರು ತಿಂಗಳ ಕಲ್ಲನ್ನು ಎದೆಯಿಂದ ಇಳಿಸಬೇಕಿತ್ತು. ಇನ್ನು ಯಾರೂ ಏನೂ ಅನ್ನುವಂತಿಲ್ಲ. ಮಾಲೀಕರು ಒಪ್ಪಿದ್ದಾರೆ, ಸಹಿಯಿದೆ. ತಾರೀಖು ಇಂದಿನದು ಎಂಬುದನ್ನು ಯಾರು ನೋಡುತ್ತಾರೆ? ಆ ಇಪ್ಪತ್ತಮೂರು ಕಡೆಯವರಿಗೆ ಒಂದು ಸೂಚನೆ ಕಳಿಸಿದರಾಯಿತು. ಯಾವ ವಿಳಾಸಕ್ಕೆ? ಅವು ಯಾವ ಊರಲ್ಲಿವೆಯೆಂದು ಬರೆದವಳಿಗೇ ಗೊತ್ತಿಲ್ಲ. ಸೂಚನೆ ಹೋಗುತ್ತದೆ, ಈ ವಿಳಾಸದಲ್ಲಿ ಯಾರೂ ಇಲ್ಲ ಎಂದು ವಾಪಸು ಬರುತ್ತದೆ, ಆಕ್ಷೇಪಣೆ ಬಂದಿಲ್ಲ ಎಂದು ತಾನು ಬರೆಯುತ್ತೇನೆ. ಅವಳಿಗೆ ಭಯಕ್ಕಿಂತ ಹೆಚ್ಚಾಗಿ ವಿಚಿತ್ರವೆನಿಸಿತು. ತನಗಲ್ಲದ ಕರೆಗೆ ಓಗೊಟ್ಟು, ಕೈ ಹಿಡಿಸಿಕೊಂಡು ಕೂರುವುದರಲ್ಲಿ ತನಗಿರುವ ಈ ಪರಿಣತಿ ಎಲ್ಲಿಂದ ಶುರುವಾಯಿತು, ಯಾವ ಸಾಲಿನಿಂದ? ಕಚೇರಿಗಿಂತ ಒಂದು ನಿಲ್ದಾಣ ಮೊದಲೇ ಇಳಿದು, ಮುಚ್ಚಿದ ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತು ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಬೇರೆ ಊರಲ್ಲಿ ಒಂದು ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ, ಹಗಲು ಫೋನೆತ್ತುವುದು ಅಪರೂಪ. ಎತ್ತಿದಳು.

‘ಏನೇ, ಈ ಹೊತ್ತಲ್ಲಿ?’

‘ಅಕ್ಕ, ದೊಡ್ಡಮ್ಮ ಹೋಗೋ ಹಿಂದಿನ ದಿನ ನಿನ್ನನ್ನ ಕರೆದಿದ್ರು. ನಾನು ಹೋದೆ.’

ಆ ಕಡೆ ಯಾವುದೋ ಯಂತ್ರ ಗಿರಗಿರ ತಿರುಗುವ ಸದ್ದು.

‘ನಿನ್ನನ್ನ ಬಹಳ ಬೈದುಬಿಟ್ಟೆ, ಮನಸಲ್ಲಿ ಇಟ್ಕೋಬೇಡ ಅಂದ್ರು. ನಾನು ಅವಳಲ್ಲ ಅಂತ ಹೇಳಲಿಲ್ಲ. ನಿನಗೂ ಹೇಳಲಿಲ್ಲ.’

‘ಗೊತ್ತು’ ಎಂದಳು ಅಕ್ಕ.

‘ಏನು ಗೊತ್ತು?’

‘ಬಾಗಿಲ ಆಚೆ ನಿಂತಿದ್ದೆ. ನೀರು ತರೋಕೆ ಹೋಗಿದ್ದೆ, ಬರೋ ಹೊತ್ತಿಗೆ ನೀನು ಕೂತಿದ್ದೆ. ನಾನು ಒಳಗೆ ಬಂದ್ರೆ ಅಮ್ಮ ಮಾತು ನಿಲ್ಲಿಸಿಬಿಡ್ತಾಳೆ ಅನ್ನಿಸ್ತು. ನನ್ನ ಮುಖ ನೋಡಿದ್ರೆ ಅವಳಿಗೆ ಬೈಗುಳಾನೇ ಬರ್ತಿದ್ದಿದ್ದು.’ ಅಕ್ಕ ನಕ್ಕಂತಾಯಿತು.

‘ಮತ್ತೆ ಇಷ್ಟು ವರ್ಷ ಒಂದು ಮಾತೂ ಆಡಲಿಲ್ಲವಲ್ಲ?’

‘ನೀನು ಹೇಳ್ತೀಯೇನೋ ಅಂತ ನೋಡಿದೆ. ಒಂದೆರಡು ವರ್ಷ ನೋಡಿದೆ. ಅಮ್ಮನ ಮಾತು ನನಗೆ ಅವತ್ತೇ ತಲುಪಿತ್ತು ಕಣೇ. ನನಗೆ ಗೊತ್ತಾಗಬೇಕಿದ್ದಿದ್ದು ನಿನ್ನ ವಿಷಯ. ಈಗ ಗೊತ್ತಾಯ್ತು ಬಿಡು. ಕೆಲಸ ಇದೆ, ಇಡ್ತೀನಿ’ ಎಂದಳು. ಆ ದನಿಯಲ್ಲಿ ಕ್ಷಮೆಯಿತ್ತೋ, ಬರೀ ಕೆಲಸದ ಅವಸರವಿತ್ತೋ, ಇವಳು ಫೋನನ್ನು ಕಿವಿಯಿಂದ ತೆಗೆಯದೆ ಯೋಚಿಸಿದಳು. ಮೂವತ್ತನಾಲ್ಕು ವರ್ಷ ಒಂದು ಬಾಗಿಲಿನ ಆಚೆ ಈಚೆ. ತಾನು ಮುಚ್ಚಿಟ್ಟೆನೆಂದುಕೊಂಡದ್ದನ್ನು ಒಬ್ಬಳು ಅಷ್ಟೂ ದಿನ ನೋಡುತ್ತ ನಿಂತಿದ್ದಳು. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಅದರ ಅಡಿಯಲ್ಲೊಂದು ಹಗುರವಿತ್ತು, ಅದಕ್ಕೆ ಏನೆನ್ನುತ್ತಾರೋ ಅವಳಿಗೆ ಹೊಳೆಯಲಿಲ್ಲ.

ನಾಲ್ಕಕ್ಕೆ ಸಮಿತಿ ಕೂತಿತು. ಉದ್ದ ಮೇಜಿನ ಸುತ್ತ ಆರು ಜನ, ಗೋಡೆಯ ಮೇಲೆ ಪಟ್ಟಿ. ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತ ಒಂದೊಂದೇ ಸಾಲು ದಾಟಿಸಿದರು. ಅವರಿಗೆ ನಾಲ್ಕೂವರೆಯೊಳಗೆ ಮುಗಿಯಬೇಕಿತ್ತು. ನಲವತ್ತೊಂದಕ್ಕೆ ಬಂದಾಗ ಹೆಸರಕ್ಕ ಚೀಟಿಯನ್ನು ಮೇಜಿನ ಮೇಲಿಟ್ಟಳು. ಅಧ್ಯಕ್ಷರು ಓದಿ, ‘ಬರಹದಲ್ಲೇ ಒಪ್ಪಿದಾರೆ. ಇನ್ನೇನು ಬೇಕು? ಮುಂದಿನದು’ ಎಂದರು. ಎಂಜಿನಿಯರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಅವನ ಮುಖದಲ್ಲಿ ಮೂಡಿದ ಆ ಸಡಿಲ ನಗೆ ನೋಡಿ ಅವಳಿಗೆ ಇಲ್ಲಿಗೇ ಬಿಟ್ಟುಬಿಡೋಣ ಎನ್ನಿಸಿತು. ಬಿಡುವುದು ಎಷ್ಟು ಸುಲಭವಿತ್ತೆಂದರೆ, ಬಾಯಿ ತೆರೆಯದಿದ್ದರೆ ಸಾಕಿತ್ತು.

‘ಒಂದು ನಿಮಿಷ’ ಎಂದಳು. ‘ಆ ಚೀಟಿ ಇವತ್ತಿನದು. ಆರು ತಿಂಗಳ ಹಿಂದೆ ಆಕ್ಷೇಪಣೆ ಬಂದಿಲ್ಲ ಅಂತ ಬರೆದೆನಲ್ಲ, ಅವತ್ತು ನನ್ನ ಇಮೇಲ್ ಅವರಿಗೆ ತಲುಪೇ ಇರಲಿಲ್ಲ. ವಾಪಸು ಬಂದಿತ್ತು. ನನಗೆ ಗೊತ್ತಿತ್ತು.’

ಪೆನ್ನಿನ ಮುಚ್ಚಳ ನಿಂತಿತು. ‘ಗೊತ್ತಿದ್ದೂ ಬರೆದ್ರಾ?’

‘ಬರೆದೆ.’

‘ಆದ್ರೆ ಈಗ ಒಪ್ಪಿದಾರಲ್ಲ’ ಎಂದ ಎಂಜಿನಿಯರ್.

‘ಅವರು ಹೆಸರು ಕೊಟ್ಟಿದಾರೆ. ಆ ಹೆಸರು ಹಿಡಿದು ಕರೆಯೋರು ಇಪ್ಪತ್ತಮೂರು ಕಡೆ ಇದಾರೆ, ಅವರನ್ನ ಯಾರೂ ಕೇಳಿಲ್ಲ.’ ಅವಳು ಆಸರೆಪಟ್ಟಿಯ ವಿಷಯ ಹೇಳಿದಳು, ಎಡ ಬಲದ ವಿಷಯ ಹೇಳಿದಳು. ‘ನಿನ್ನದಕ್ಕೆ ಎಂಬತ್ತು, ಎಪ್ಪತ್ತಾರು ಕೊಡು. ಏನನ್ನುತ್ತೆ ತೋರಿಸು.’

ಅವನು ಒತ್ತಿದ. ಗೋಡೆಯ ಮೇಲೆ ಎಪ್ಪತ್ತೆಂಟು ಬಂತು. ಕೋಣೆಯಲ್ಲಿ ಯಾರೋ ಕುರ್ಚಿ ಸರಿಸಿದರು.

‘ಅದು ಸರಿಯಾಗೇ ಇದೆ’ ಎಂದ ಅವನು, ಕಿವಿ ಕೆಂಪಾಗಿತ್ತು. ‘ಬಳಸೋರು ತಪ್ಪಾಗಿ ಬಳಸಿದ್ರೆ ನಾನೇನು ಮಾಡಲಿ?’

‘ಅವರು ತಪ್ಪಾಗಿ ಬಳಸ್ತಿಲ್ಲ. ಅವರು ಕರೆದದ್ದು ನಿನ್ನನ್ನಲ್ಲ.’

ಅಧ್ಯಕ್ಷರು ಪೆನ್ನನ್ನು ಮುಚ್ಚಿ ಮೇಜಿನ ಮೇಲಿಟ್ಟರು. ಮುಂದಿನ ಆವೃತ್ತಿಯಿಂದ ಭಂಡಾರದ ಹೊಸ ಸಾಮಾನಿಗೆಲ್ಲ ಮುಂದೆ ಮನೆ ಹೆಸರು ಹಾಕುವ ವಿಚಾರವನ್ನು ಮತ್ತೆ ತೆಗೆಯೋಣ, ಅದಕ್ಕೆ ವರ್ಷ ಹಿಡಿಯುತ್ತದೆ, ಇದು ಅಷ್ಟು ದಿನ ಕಾಯಬೇಕು ಎಂದರು. ಅಥವಾ ಆರು ಗಂಟೆಯೊಳಗೆ ಬೇರೆ ಹೆಸರು ಕೊಟ್ಟರೆ ಈ ಸಲವೇ ಸೇರಬಹುದು. ಆಮೇಲೆ ಇನ್ನೊಂದು ಮಾತನ್ನು, ಮುಖ ನೋಡದೆ, ಅದಕ್ಕಿಂತ ಮೆಲ್ಲಗೆ ಹೇಳಿದರು. ‘ಈ ಆವೃತ್ತಿ ಮುಗಿದ ಮೇಲೆ ಹೆಸರುಗಳ ದಾಖಲೆ ಬೇರೆಯವರು ನೋಡ್ಕೊಳ್ಳಲಿ. ನಿಮಗೂ ಅದೇ ಒಳ್ಳೇದು.’ ಹತ್ತೊಂಬತ್ತು ವರ್ಷದ ಕೆಲಸ ಹೋಗುವುದಕ್ಕೆ ಎರಡು ವಾಕ್ಯ ಹಿಡಿಯಿತು. ಅವಳು ತಲೆಯಾಡಿಸಿ ನಡಾವಳಿಯಲ್ಲಿ ಅದನ್ನೂ ಬರೆದುಕೊಂಡಳು, ಈ ಸಲ ಒಂದು ಶಬ್ದವನ್ನೂ ಮೃದುಮಾಡದೆ.

ತನ್ನ ಕೋಣೆಗೆ ಬಂದು ಕೂತು ಹತ್ತು ನಿಮಿಷವಾಗಿರಲಿಲ್ಲ, ಎಂಜಿನಿಯರ್ ಬಂದ. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ಕುರ್ಚಿ ಎಳೆದುಕೊಂಡು, ಜಗಳಕ್ಕೆ ಬಂದವನ ಹಾಗೆ ಮೇಜಿಗೆ ಮೊಣಕೈ ಊರಿ ಕೂತ. ಕಿಟಕಿಯಾಚೆ ಸೈಕಲ್ ಸ್ಟ್ಯಾಂಡಿನ ತಗಡಿನ ಮೇಲೆ ಸಂಜೆ ಬಿಸಿಲು ಬಿದ್ದಿತ್ತು. ಅವಳು ಬೈಗುಳಕ್ಕೆ ಕಾದಳು. ಬಂದರೆ ಅದು ತನಗೇ ಬಂದದ್ದು, ಬೇರೆ ಯಾರದೂ ಅಲ್ಲ.

‘ಎರಡು ವರ್ಷ ಅದನ್ನ ಒಂದೇ ಹೆಸರಲ್ಲಿ ಕರೆದಿದೀನಿ’ ಎಂದ. ‘ಬೇರೆ ಹೆಸರು ಬಾಯಿಗೆ ಬರ್ತಿಲ್ಲ. ನೀವೇ ಏನಾದ್ರೂ ಕೊಡಿ. ನಿಮ್ಮ ಹತ್ತಿರ ನೂರಾರು ಇರುತ್ತಲ್ಲ.’

ಇದ್ದವು. ಬಾಯಿಗೆ ಬಂದ ಮೊದಲ ಮೂರು ಚಿಕ್ಕದಾಗಿ, ಚೊಕ್ಕವಾಗಿ, ಯಾರೂ ಹಿಡಿದಿಟ್ಟುಕೊಳ್ಳದ ಹೆಸರುಗಳೇ ಆಗಿದ್ದವು. ಅವಳು ಅವನ್ನು ಹೇಳಲಿಲ್ಲ. ಸಾವಿರಾರು ಹೆಸರುಗಳ ವಿಷಯದಲ್ಲಿ ಖಾಲಿಯಿದೆಯೇ ಇಲ್ಲವೇ ಎಂದಷ್ಟೇ ಕೇಳಿದ್ದಳು. ಡಬ್ಬಿಯ ಮುಚ್ಚಳ ತೆಗೆದು ಒಳಗೆ ಏನಿದೆಯೆಂದು ನೋಡಿದ್ದು ಎಷ್ಟು ಸಲ? ಎದುರಿಗೆ ಕೂತವನ ಎಡ ಹುಬ್ಬು ಬಲದ್ದಕ್ಕಿಂತ ಒಂದು ಎಳೆ ಮೇಲಿತ್ತು. ಎರಡು ವರ್ಷ ದಿನವೂ ನೋಡಿದ ಮುಖ ಅದು.

‘ಹೆಸರು ಆಮೇಲೆ ನೋಡೋಣ’ ಎಂದಳು. ‘ಮೊದಲು ಅದು ಏನು ಮಾಡುತ್ತೆ ಹೇಳು. ಶುರುವಿಂದ ಹೇಳು, ನನಗೆ ಏನೂ ಗೊತ್ತಿಲ್ಲ ಅಂದ್ಕೊಂಡು.’

ಅವನು ಅನುಮಾನದಿಂದ ಅವಳನ್ನು ನೋಡಿದ, ಅಣಕಿಸುತ್ತಿದ್ದಾಳೆಯೇ ಎಂಬಂತೆ. ಆಮೇಲೆ ಎದ್ದು ಬಿಳಿ ಹಲಗೆಯ ಹತ್ತಿರ ಹೋಗಿ, ಅಲ್ಲಿ ಅವಳು ಬರೆದಿಟ್ಟಿದ್ದ ಹಳೆಯ ಪಟ್ಟಿಯನ್ನು ಅಂಗೈಯಿಂದ ಒರೆಸಿ, ಒಂದು ಉದ್ದ ಗೆರೆ ಎಳೆದ. ‘ಇದು ಒಂದು ಹಗ್ಗ ಅಂದ್ಕೊಳ್ಳಿ’ ಎಂದ. ‘ಇದನ್ನ ನೀವು ಒಂದು ಸಲ ಅಳೀತೀರ, ನಾನೊಂದು ಸಲ ಅಳೀತೀನಿ. ಎರಡೂ ಯಾಕೆ ಬೇರೆ ಬೇರೆ ಬರುತ್ತೆ ಗೊತ್ತಾ?’

‘ಗೊತ್ತಿಲ್ಲ’ ಎಂದಳು ಹೆಸರಕ್ಕ, ಕುರ್ಚಿಯನ್ನು ಹಲಗೆಯ ಕಡೆಗೆ ತಿರುಗಿಸಿಕೊಂಡು. ನಿಜವಾಗಿಯೂ ಗೊತ್ತಿರಲಿಲ್ಲ.